ಹಸಿರು ತಲೆಯ ಕಲ್ಲಿನ ಪಕ್ಕ

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಬೆಳ್ಮಣ್ ದಾಟಿದ ಮೇಲೆ, ಬೆಳಗ್ಗಿನ ಮಂಜು ಇನ್ನೂ ತೋಟಗಳ ಮೇಲಿಂದ ಪೂರ್ತಿ ಎದ್ದಿರದ ಹೊತ್ತಿನಲ್ಲಿ, ನಾಲ್ಕೈದು ಮಂದಿ ರಸ್ತೆಯಂಚಿನಲ್ಲಿ ನೆಲ ನೋಡುತ್ತಾ ಸಾಗುತ್ತಿದ್ದಾರೆ. ಬಿದ್ದುಹೋದ ದುಡ್ಡು ಹುಡುಕುವವರ ಹಾಗೆ ಎಲ್ಲರ ತಲೆಯೂ ಕೆಳಗೆ. ಒಬ್ಬರ ಕೈಯಲ್ಲಿ ಟೇಪು, ಇನ್ನೊಬ್ಬರ ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ, ಹಿಂದೆ ಬರುವ ಹುಡುಗನ ಬಳಿ ಸುಣ್ಣದ ಚೀಲ. ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಬರುತ್ತಿದೆ, ಕಂಬಕ್ಕೆ ಕಟ್ಟಿದ ಯಕ್ಷಗಾನದ ಬ್ಯಾನರು ಗಾಳಿಗೆ ಪಟಪಟ ಬಡಿಯುತ್ತಿದೆ. ಹಾರನ್ ಹೊಡೆಯುತ್ತಾ ಬಸ್ಸು ಬಂದಾಗಲೆಲ್ಲ ಇಡೀ ಗುಂಪು ಚರಂಡಿಯ ಕಡೆಗೊಂದು ಹೆಜ್ಜೆ ಸರಿಯುತ್ತದೆ. ಮಾತು ಮಾತ್ರ ನಿಲ್ಲುವುದಿಲ್ಲ.

ಮೈಲಿಗಲ್ಲಿನ ತಲೆಗೆ ಹಸಿರು ಬಣ್ಣ. ಹಳದಿ ಇದ್ದಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಅನುಮತಿ ಕೇಳುವ ಬಾಗಿಲೇ ಬೇರೆ. ಇದು ರಾಜ್ಯ ಹೆದ್ದಾರಿ 1, ಕೇಳಬೇಕಾದದ್ದು ಲೋಕೋಪಯೋಗಿ ಇಲಾಖೆಯನ್ನು. ನಾವು ರಸ್ತೆ ಎಂದು ತಿಳಿದಿರುವುದು ನಡುವಿನ ಡಾಂಬರನ್ನು ಮಾತ್ರ. ಇಲಾಖೆಯ ಲೆಕ್ಕದಲ್ಲಿ ಅದರ ಪಕ್ಕದ ಮಣ್ಣು, ಚರಂಡಿ, ಚರಂಡಿಯಾಚೆ ಕಾಡುಗಿಡ ಬೆಳೆದ ಜಾಗ, ಎಲ್ಲವೂ ಗಡಿಕಲ್ಲಿನ ತನಕ ರಸ್ತೆಯೇ. 1964ರ ಕರ್ನಾಟಕ ಹೆದ್ದಾರಿ ಕಾಯ್ದೆಯ ಕಣ್ಣು ಇರುವುದೂ ಇಷ್ಟಗಲದ ಮೇಲೆ.

ಈ ಬೆಳಗ್ಗೆ ಇಲ್ಲಿ ನಡೆಯುತ್ತಿರುವುದು ಜಂಟಿ ತನಿಖೆ. ಆಪ್ಟಿಕಲ್ ಫೈಬರ್ ಕೇಬಲ್ ಹೂಳುವುದಕ್ಕೆ ಅರ್ಜಿ ಬಿದ್ದಿದೆ. ಎಲ್ಲಿಂದ ಎಲ್ಲಿಗೆ, ಡಾಂಬರಿನಂಚಿನಿಂದ ಎಷ್ಟು ದೂರ, ಎಷ್ಟು ಆಳ, ರಸ್ತೆಯನ್ನು ಎಲ್ಲೆಲ್ಲಿ ಅಡ್ಡ ದಾಟುತ್ತದೆ ಎಂಬ ನಕ್ಷೆಗಳೊಂದಿಗೆ ಅದು ಟಪಾಲಿನಲ್ಲಿ ಮೊಹರು ಬೀಳಿಸಿಕೊಂಡು ಕಾರ್ಯಪಾಲಕ ಇಂಜಿನಿಯರರ ಮೇಜು ಕಂಡಿದೆ. ಅಲ್ಲಿಂದ ಉಪವಿಭಾಗಕ್ಕಿಳಿದು, ಕೊನೆಗೆ ಈ ಟೇಪು ಹಿಡಿದವರ ಕೈಗೆ ಬಂದಿದೆ. ಅವರು ಬರೆದ ವರದಿ, ಅಗೆದದ್ದನ್ನು ಮೊದಲಿನಂತೆ ಮಾಡುವ ಖರ್ಚಿನ ಅಂದಾಜು, ಮತ್ತೆ ಅದೇ ಮೆಟ್ಟಿಲು ಹತ್ತಬೇಕು. ಹಣ ಕಟ್ಟಿ, ಕರಾರಿಗೆ ರುಜು ಹಾಕಿದ ಮೇಲೆ ಅನುಮತಿ ಪತ್ರ. ಮಳೆಗಾಲ ಹತ್ತಿರ ಬಂದರೆ ಕೇಳುವವರಿಗೂ ಕೊಡುವವರಿಗೂ ಎದೆ ಡವಡವ; ಕರಾವಳಿಯ ಜೂನ್‌ನಲ್ಲಿ ಅಗೆದ ಗುಂಡಿ ಗುಂಡಿಯಾಗಿ ಉಳಿಯುವುದಿಲ್ಲ, ತೋಡಾಗುತ್ತದೆ.

ಕಡತ ಕಡತದ ಮೇಲೇ ಮಲಗಿಬಿಟ್ಟರೆ? ಅದಕ್ಕೆಂದೇ 2016ರ ಕೇಂದ್ರದ ನಿಯಮಗಳು 60 ದಿನದ ಗಡುವು ಇಟ್ಟವು: ಅಷ್ಟರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೇ. 2025ರ ಜನವರಿ 1ರಿಂದ ಅವುಗಳ ಜಾಗಕ್ಕೆ 2024ರ ಹೊಸ ನಿಯಮಗಳು ಬಂದಿವೆ. ಆದರೆ ಈ ನಿಯಮಗಳೆಲ್ಲ ಫೋನಿನ, ಇಂಟರ್ನೆಟ್ಟಿನ ತಂತಿಗೆ. ಕುಡಿಯುವ ನೀರಿನ ಪೈಪಿಗೆ ಇವು ಅನ್ವಯಿಸುವುದಿಲ್ಲ. ನೀರಿಗಿಂತ ಮಾತಿಗೆ ಅವಸರ ಜಾಸ್ತಿ ಅಂತ ಕಾಣುತ್ತದೆ.

“ಸರಪಳಿ ಎಷ್ಟಾಯ್ತು?” ಇಂಜಿನಿಯರ್ ಕೇಳುತ್ತಾರೆ; ರಸ್ತೆಯುದ್ದಕ್ಕೂ ಅಳೆದ ದೂರಕ್ಕೆ ಅವರ ಮಾತು ಅದು. ಹುಡುಗ ಸುಣ್ಣ ಉದುರಿಸಿ ಗೆರೆ ಎಳೆಯುತ್ತಾನೆ. ಮುರಕಲ್ಲಿನ ಕೆಂಪಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಈ ಕಲ್ಲಿನಲ್ಲಿ ಹಾರೆ ಹಾಕಿದವರಿಗೇ ಗೊತ್ತು: ಕೇಬಲ್ಲಿಗೆ ಸಾಮಾನ್ಯವಾಗಿ ಕೇಳುವ 1.65 ಮೀಟರ್ ಆಳ ಕಾಗದದಲ್ಲಿ ಬೇಗ ಇಳಿಯುತ್ತದೆ, ಇಲ್ಲಿ ಬ್ರೇಕರ್ ಹಚ್ಚಬೇಕು. ಡಾಂಬರನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅಡ್ಡ ದಾಟುವಲ್ಲಿ ಯಂತ್ರ ಇಟ್ಟು ಅಡಿಯಿಂದಲೇ ಕೊರೆದು ಪೈಪು ತೂರಿಸಬೇಕು.

ಗುಂಪಿನ ಕೊನೆಯಲ್ಲಿ, ಲುಂಗಿ ಎತ್ತಿ ಕಟ್ಟಿ, ಯಾರೂ ಕೇಳದೆ ಬಾಯಿ ಬಿಡದವರೊಬ್ಬರಿದ್ದಾರೆ. ಪಂಚಾಯತಿನಲ್ಲಿ ನೀರು ಬಿಡುವವರು. ಯಾವ ಮನೆಗೆ ಎಷ್ಟು ಹೊತ್ತಿಗೆ ನೀರು, ಯಾವ ತಿರುವಿನಲ್ಲಿ ಪೈಪು ಎಷ್ಟು ಸಲ ಒಡೆದಿದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಸುಣ್ಣದ ಗೆರೆ ಮೋರಿಯ ಹತ್ತಿರ ಬಂದದ್ದೇ ಅವರು ಕೈ ಅಡ್ಡ ಹಿಡಿದರು.

“ಇಲ್ಲಿ ಬೇಡ ಮಾರಾಯ್ರೆ. ನಮ್ಮ ಲೈನ್ ಇಲ್ಲೇ ದಾಟ್ತದೆ.”

ನಕ್ಷೆ ಬಿಡಿಸಿದರು. ಅದರಲ್ಲಿ ಅಂಥದ್ದೇನೂ ಇಲ್ಲ. ಅಗೆಯುವ ಮುನ್ನ ತಿಳಿಸುವುದಕ್ಕೆಂದೇ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂತು. ಗೊತ್ತುಗುರಿಯಿಲ್ಲದೆ ಅಗೆದು ದೇಶದಲ್ಲಿ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಆಗ ಹೇಳಿತ್ತು. ಆ್ಯಪ್ ಒಳ್ಳೆಯದೇ. ಆದರೆ ಮೋರಿಯ ಪಕ್ಕದ ಈ ಪೈಪನ್ನು ಅದಕ್ಕೆ ಯಾರಾದರೂ ಹೇಳಿರಬೇಕಲ್ಲ! ನನ್ನನ್ನು ಕೇಳಿದರೆ ಅನುಮತಿಯ ಈ ಓಡಾಟವೆಲ್ಲ ಸಾರ್ಥಕವಾಗುವುದು ಇಂಥ ಮನುಷ್ಯನ ನೆನಪು ಕಾಗದಕ್ಕೆ ಇಳಿದಾಗಲೇ.

ಇಂಜಿನಿಯರ್ ಕೆಂಪು ಪೆನ್ನು ತೆಗೆದು ನಕ್ಷೆಯ ಮೇಲೊಂದು ಅಡ್ಡಗೆರೆ ಹಾಕಿದರು. ಸುಣ್ಣದ ಗೆರೆ ಎರಡಡಿ ಆಚೆ ಸರಿಯಿತು. ಬೈಕಿನ ಸೀಟಿನ ಮೇಲೆ ವರದಿ ಬರೆದು, ಒಬ್ಬೊಬ್ಬರೇ ರುಜು ಹಾಕಿದರು. ಪೆನ್ನು ಕೊನೆಗೆ ನೀರು ಬಿಡುವವರ ಕೈಗೆ ಬಂತು. ಅವರು ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು.

“ಲೈನ್ ಬರ್ದಿದ್ದೀರಿ ಸರ್. ವಾಲ್ವ್ ಎಲ್ಲುಂಟು ಇದ್ರಲ್ಲಿ? ಅದನ್ನೂ ಬರೀರಿ, ಮತ್ತೆ ಸೈನ್ ಹಾಕ್ತೇನೆ.”

ಸುತ್ತಿಟ್ಟಿದ್ದ ಟೇಪನ್ನು ಹುಡುಗ ಮತ್ತೆ ಎಳೆದ.