ನಕ್ಷತ್ರ ಆಮೆಯೂ ಗಾಜಿನ ಪೆಟ್ಟಿಗೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ನಮ್ಮ ಸೀಮೆಯು ಮಳೆ ಕಡಿಮೆಯಾದ ಬಯಲುನಾಡು. ಬಂಡೆಗಳ ಗುಡ್ಡ, ಕುರುಚಲು ಕಾಡು, ಜೋಳ ಮತ್ತು ಶೇಂಗಾದ ಹೊಲ ಇವೇ ಇಲ್ಲಿನ ನೋಟ. ಗುಡೇಕೋಟೆಯ ಕರಡಿಗಳನ್ನು ಎಲ್ಲರೂ ಬಲ್ಲರು. ಆದರೆ ಇಂತಹ ಒಣಭೂಮಿಗೆ ಹೊಂದಿಕೊಂಡು ಬಾಳುವ ಇನ್ನೊಂದು ಮೌನಜೀವಿಯನ್ನು ಗಮನಿಸಿದವರು ಕಡಿಮೆ. ಅದೇ ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಪ್ರತಿಯೊಂದು ಗುಬುಟಿನಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಹೊರಟು ನಕ್ಷತ್ರದ ಆಕಾರವನ್ನು ತಾಳಿರುವುದರಿಂದ ಅದಕ್ಕೆ ಈ ಹೆಸರು ಬಂದಿದೆ. ನೆರೆಯ ದರೋಜಿ ಕರಡಿಧಾಮದಲ್ಲಿಯೂ ಇದು ವಾಸಿಸುತ್ತದೆ. ಒಣಹುಲ್ಲಿನ ನೆರಳಿನಲ್ಲಿ ಆಮೆಯನ್ನು ಮರೆಮಾಡುವ ಈ ಗೆರೆಗಳೇ ಇಂದು ಅದರ ಪ್ರಾಣಕ್ಕೆ ಸಂಚಕಾರ ತಂದಿವೆ.

ಸರೀಸೃಪಗಳ ಮೇಲೆ ಮಾನವನಿಗಿರುವ ಮೋಹವು ಕಾಲಕಾಲಕ್ಕೆ ರೂಪವನ್ನು ಬದಲಿಸಿದೆ. ಹಿಂದೆ ನಮ್ಮ ಊರುಗಳಲ್ಲಿ ಹಾವನ್ನು ಸಾಕುತ್ತಿದ್ದವನೆಂದರೆ ಹಾವಾಡಿಗನೊಬ್ಬನೇ. ವ್ಯಾಪಾರವೆಂದರೆ ಹಾವಿನ ಚರ್ಮದ ವ್ಯಾಪಾರ. ಚರ್ಮದ ಚೀಲ, ಪಾದರಕ್ಷೆಗಳಿಗಾಗಿ ಲಕ್ಷಾಂತರ ಹಾವುಗಳು ಸತ್ತವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಹಾವಾಡಿಗರ ಬುಟ್ಟಿಗಳೂ ಕ್ರಮೇಣ ಕಣ್ಮರೆಯಾದವು.

ಇದೇ ಕಾಲಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಹೊಸ ಹವ್ಯಾಸವು ಬೆಳೆಯುತ್ತಿತ್ತು. ಅಮೆರಿಕದಲ್ಲಿ ಮಕ್ಕಳು ಅಂಗೈಯಗಲದ ಆಮೆಮರಿಗಳನ್ನು ಆಟಿಕೆಗಳಂತೆ ಕೊಂಡು ತರುತ್ತಿದ್ದರು. ಆ ಮರಿಗಳಿಂದ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಮಕ್ಕಳ ಕರುಳನ್ನು ಸೇರಿ ರೋಗವನ್ನುಂಟುಮಾಡುತ್ತಿದ್ದುದರಿಂದ, ನಾಲ್ಕು ಅಂಗುಲಕ್ಕಿಂತ ಕಿರಿದಾದ ಆಮೆಗಳ ಮಾರಾಟವನ್ನು ಅಲ್ಲಿನ ಸರಕಾರವು 1975ರಲ್ಲಿ ನಿಷೇಧಿಸಿತು. ಆದರೂ ಹವ್ಯಾಸವು ಅಳಿಯಲಿಲ್ಲ. ಬಣ್ಣಬಣ್ಣದ ಹೆಬ್ಬಾವುಗಳನ್ನೂ ಹಲ್ಲಿಗಳನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ತಳಿಯೆಬ್ಬಿಸುವುದು ದೊಡ್ಡ ಉದ್ಯಮವಾಯಿತು. ಆ ಅಲೆ ಈಗ ನಮ್ಮ ನಗರಗಳನ್ನೂ ಮುಟ್ಟಿದೆ. 2023ರ ಆಗಸ್ಟ್ ತಿಂಗಳಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಳಲ್ಲಿ 234 ಪ್ರಾಣಿಗಳು ಸಿಕ್ಕಿದವು. ಹೆಬ್ಬಾವು, ಗೋಸುಂಬೆ, ಆಮೆಗಳು ಅವುಗಳಲ್ಲಿದ್ದವು.

ಪರದೇಶದ ಪ್ರಾಣಿಗಳು ಇಲ್ಲಿಗೆ ಬರುವಂತೆ ಇಲ್ಲಿನ ಆಮೆಗಳು ಕಳ್ಳದಾರಿಯಿಂದ ಹೊರಕ್ಕೆ ಹೋಗುತ್ತವೆ. ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಸಾಗಿಹೋಗುತ್ತಿದ್ದುವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹೆಣ್ಣಾಮೆಯು ಒಂದು ಸಲಕ್ಕೆ ಇಡುವ ಮೊಟ್ಟೆಗಳು ಕೆಲವೇ. ಮರಿಯು ಬೆಳೆದು ತಾಯಾಗಲು ಹಲವು ವರ್ಷಗಳು ಬೇಕು. ಆದಾಯಕ್ಕಿಂತ ವೆಚ್ಚ ಮಿಗಿಲಾದ ಮನೆಯ ಗತಿಯೇ ಈ ಕುಲದ ಗತಿ. ಆದುದರಿಂದಲೇ 2019ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಇದನ್ನು ಸೇರಿಸಿ, ವನ್ಯ ಆಮೆಗಳ ವಾಣಿಜ್ಯ ವ್ಯಾಪಾರವನ್ನು ಮುಚ್ಚಲಾಯಿತು.

ಪ್ರೀತಿಯಿಂದ ಸಾಕಿದರೆ ದೋಷವೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಭೌತವಿಜ್ಞಾನವೇ ಉತ್ತರ ಕೊಡುತ್ತದೆ. ನಮ್ಮ ದೇಹವು ತಿಂದ ಅನ್ನವನ್ನು ಉರಿಸಿ ತನ್ನ ಉಷ್ಣತೆಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳುತ್ತದೆ. ಆಮೆಯಾದರೋ ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ಬೆಳಗಿನ ಬಿಸಿಲಿನಲ್ಲಿ ಕಾಯುವುದು, ನಡುಹಗಲಿನಲ್ಲಿ ಪೊದೆಯ ನೆರಳನ್ನು ಸೇರುವುದು, ಇವೇ ಅದರ ಉಷ್ಣನಿಯಂತ್ರಣ. ಒಂದೇ ಉಷ್ಣತೆಯ ಕೋಣೆಯಲ್ಲಿ ಈ ಆಯ್ಕೆ ತಪ್ಪುತ್ತದೆ. ಮೈ ತಣ್ಣಗಾದರೆ ತಿಂದ ಆಹಾರವೂ ಸರಿಯಾಗಿ ಜೀರ್ಣವಾಗದು. ಮೊಟ್ಟೆಯೊಳಗಣ ಮರಿಯ ಲಿಂಗವನ್ನು ಕೂಡ ಮಣ್ಣಿನ ಉಷ್ಣತೆಯೇ ನಿರ್ಧರಿಸುತ್ತದೆ: ತಂಪಾದ ಗೂಡಿನಲ್ಲಿ ಗಂಡು, ಬೆಚ್ಚನೆಯ ಗೂಡಿನಲ್ಲಿ ಹೆಣ್ಣು.

ಇನ್ನು ಬೆಳಕಿನ ವಿಚಾರ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗದೂರವುಳ್ಳವು ಚರ್ಮದಲ್ಲಿ ಡಿ ಜೀವಸತ್ವವನ್ನು ಉಂಟುಮಾಡುತ್ತವೆ. ಅದಿಲ್ಲದೆ ಆಹಾರದಲ್ಲಿನ ಸುಣ್ಣದ ಅಂಶವು ದೇಹಕ್ಕೆ ಸೇರದು. ಚಿಪ್ಪು ಮೆತ್ತಗಾಗಿ ವಿಕಾರಗೊಳ್ಳುತ್ತದೆ. ಕಿಟಕಿಯ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು ಈ ಕಿರಣಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಆದುದರಿಂದ ಬಿಸಿಲು ಬೀಳುವ ಕಿಟಕಿಯ ಒಳಗಡೆ ಪೆಟ್ಟಿಗೆಯಿಟ್ಟು ಆಮೆಗೆ ಬಿಸಿಲು ಕಾಯಿಸಿದೆವೆಂದು ತಿಳಿಯುವುದು ಬರಿಯ ಭ್ರಮೆ.

ಚಿಪ್ಪಿನ ಆಕಾರದಲ್ಲಿಯೂ ಒಂದು ವಿಸ್ಮಯವಿದೆ. ಹಂಗೇರಿಯ ಗಾಬೋರ್ ಡೊಮೊಕೋಷ್ ಮತ್ತು ಪೇಟರ್ ವಾರ್ಕೋನ್ಯಿ ಎಂಬ ವಿದ್ವಾಂಸರು 2006ರಲ್ಲಿ, ಎತ್ತ ಇಟ್ಟರೂ ಉರುಳಿ ಒಂದೇ ಭಂಗಿಯಲ್ಲಿ ನಿಲ್ಲುವ ಘನವಸ್ತುವೊಂದನ್ನು ರಚಿಸಿದರು. ಅದರೊಳಗೆ ಭಾರದ ಗುಂಡನ್ನೇನೂ ಅಡಗಿಸಿಲ್ಲ. ಎಲ್ಲವೂ ಆಕಾರದ ಮಹಿಮೆ. ಗೋಂಬೋಟ್ಸ್ ಎಂಬ ಈ ವಸ್ತುವಿಗೆ ನಕ್ಷತ್ರ ಆಮೆಯ ಎತ್ತರವಾದ ಗುಮ್ಮಟದ ಚಿಪ್ಪು ಬಹಳ ಸಮೀಪದ ಆಕಾರವನ್ನು ಹೊಂದಿದೆ. ಅಂಗಾತ ಬಿದ್ದ ಆಮೆಯು ಕಾಲುಗಳನ್ನು ಸ್ವಲ್ಪ ಆಡಿಸಿದರೆ ಸಾಕು, ಗುರುತ್ವವೇ ಅದನ್ನು ಮಗುಚಿ ನಿಲ್ಲಿಸುತ್ತದೆ. ಸುಡುವ ನೆಲದಲ್ಲಿ ಬೆನ್ನಡಿಯಾಗಿ ಉಳಿದರೆ ಸಾವೇ ಗತಿಯಾದುದರಿಂದ ಈ ಗುಣವು ಅದಕ್ಕೆ ಪ್ರಾಣರಕ್ಷಕ. ಚಿಪ್ಪು ವಿಕಾರಗೊಂಡರೆ ಈ ಅನುಕೂಲವೂ ಕೆಡಬಹುದು.

ಹಿಡಿದ ಆಮೆಯನ್ನು ಮತ್ತೆ ಕಾಡಿಗೆ ಬಿಟ್ಟರಾಯಿತೆನ್ನುವುದೂ ಸುಲಭವಲ್ಲ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ಮರಳಿ ತರಲಾಯಿತು. ವಾಯವ್ಯ ಭಾರತದ ಆಮೆಗೂ ದಕ್ಷಿಣದ ಆಮೆಗೂ ಅನುವಂಶಿಕ ಭೇದಗಳಿವೆ. ಯಾವುದು ಎಲ್ಲಿಯದೆಂದು ತಿಳಿಯದೆ ಬಿಟ್ಟರೆ ತಳಿ ಬೆರೆಯಬಹುದು, ರೋಗವೂ ಹರಡಬಹುದು. ಹಿಡಿಯಲು ಒಂದು ನಿಮಿಷ ಸಾಕು. ಹಿಂದಿರುಗಿಸಲು ವರ್ಷಗಳ ಶ್ರಮವೂ ಸಾಲದು.

ನಮ್ಮ ಸೀಮೆಯ ವಿದ್ಯಾರ್ಥಿಗಳ ಹೊಣೆ ಇಲ್ಲಿಯೇ ಇದೆ. ಆಮೆಯನ್ನು ಹಿಡಿದು ತಂದರೆ ದುಡ್ಡು ಕೊಡುವೆನೆಂದು ಯಾರಾದರೂ ಆಸೆ ತೋರಿಸಿದರೆ ಅದು ಅಪರಾಧಕ್ಕೆ ಆಹ್ವಾನವೆಂದು ತಿಳಿಯಬೇಕು. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. ಹೊಲದ ಬದುವಿನಲ್ಲಿ ಆಮೆ ಕಂಡರೆ ಮುಟ್ಟದೆ ದೂರದಿಂದ ನೋಡಿ, ಸಮಯ, ಬಿಸಿಲು, ಅದು ಮೇಯುವ ಸೊಪ್ಪು ಇವನ್ನು ಪುಸ್ತಕದಲ್ಲಿ ಬರೆದಿಡಬಹುದು. ಪೆಟ್ಟಿಗೆಯೊಳಗಣ ಆಮೆಯು ಒಬ್ಬನ ಸ್ವತ್ತು. ಬಯಲಿನ ಆಮೆಯಾದರೋ ನೋಡಬಲ್ಲ ಎಲ್ಲರಿಗೂ ಪಾಠ ಹೇಳುತ್ತದೆ.