ಗೆಳೆಯರಿಗೊಂದು ಪಟ್ಟಿ, ಕನ್ನಡಕ್ಕೊಂದು ಕೋರಿಕೆ

ಕಳೆದ ಬೇಸಿಗೆ ರಜೆಯಲ್ಲಿ ಭಾಲ್ಕಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಏಳು ವರ್ಷದ ಸೋದರಳಿಯ ಟೀವಿಯ ಮುಂದೆ ಕುಳಿತು ‘ಡೋರೆಮಾನ್’ ನೋಡುತ್ತಿದ್ದ. ಇಪ್ಪತ್ತೆರಡನೆಯ ಶತಮಾನದಿಂದ ಬಂದ ಆ ನೀಲಿ ಯಂತ್ರಬೆಕ್ಕು ಹೊಟ್ಟೆಯ ಮೇಲಿನ ಜೇಬಿನಿಂದ ಏನನ್ನೋ ಹೊರತೆಗೆದಾಗ ಹುಡುಗ ನನ್ನ ಕಡೆ ತಿರುಗಿ, ‘ಮಾಮಾ, ಕಾಶ್ ಮೇರೆ ಪಾಸ್ ಭೀ ಐಸಾ ಗ್ಯಾಜೆಟ್ ಹೋತಾ’ ಎಂದ. ಅದು ನಮ್ಮ ಓಣಿಗಳಲ್ಲಿ ಕೇಳಿಬರುವ ದಖನಿಯಲ್ಲ. ಟೀವಿಯ ಇಸ್ತ್ರಿ ಮಾಡಿದ ಹಿಂದಿ. ಪಕ್ಕದಲ್ಲಿ ಕುಳಿತಿದ್ದ ಅವನ ಅಜ್ಜಿ, ‘ಕನ್ನಡದಾಗ ಹೇಳೋ ನಮ್ಮಪ್ಪಾ’ ಎಂದರು. ಹುಡುಗ ಕಣ್ಣು ಕದಲಿಸದೆ ಉತ್ತರಿಸಿದ: ‘ಡೋರೆಮಾನ್‌ಗ ಕನ್ನಡ ಬರಂಗಿಲ್ಲ ಆಯಿ.’

ಎಲ್ಲರೂ ನಕ್ಕೆವು. ಆದರೆ ಬೀದರಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ಆ ಮಾತು ಬಿಡದೆ ಕಾಡತೊಡಗಿತು.

ಜಪಾನಿನ ಅನಿಮೇಷನ್ ಚಿತ್ರಗಳ ಮೇಲೆ ದೂರು ಹೇಳಲು ಹೊರಟವನು ನಾನಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಅವುಗಳ ಹುಚ್ಚು ಹಿಡಿಸಿಕೊಂಡವನು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ‘ಜಂಗಲ್ ಬುಕ್’ ಅನೇಕ ಓದುಗರಿಗೆ ನೆನಪಿರಬಹುದು. ಗುಲ್ಜಾರ್ ಬರೆದ ಶೀರ್ಷಿಕೆ ಗೀತೆ, ವಿಶಾಲ್ ಭಾರದ್ವಾಜ್ ಸಂಗೀತ, ಶೇರ್ ಖಾನನಿಗೆ ನಾನಾ ಪಾಟೇಕರ್ ಧ್ವನಿ. ಮೋಗ್ಲಿ ನಮ್ಮವನೇ ಎಂದು ನಂಬಿದ್ದ ನಮಗೆ, ಆ ಧಾರಾವಾಹಿಯನ್ನು ನಿರ್ಮಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ ಎಂಬುದು ಎಷ್ಟೋ ವರ್ಷ ತಿಳಿದಿರಲಿಲ್ಲ. ಜಪಾನಿನ ಯುಗೋ ಸಾಕೋ, ಕೊಯಿಚಿ ಸಾಸಾಕಿ ಮತ್ತು ನಮ್ಮ ರಾಮ್ ಮೋಹನ್ ಸೇರಿ 1992ರಲ್ಲಿ ರೂಪಿಸಿದ ರಾಮಾಯಣದ ಚಿತ್ರವನ್ನೂ ಹಾಗೆಯೇ ನೋಡಿದ್ದೆವು. ಮುಂದೆ ಹೈದರಾಬಾದಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ತಂದುಕೊಟ್ಟ ಸೀಡಿಯಲ್ಲಿ ಹಯಾವೊ ಮಿಯಾಜಾಕಿಯ ‘ಸ್ಪಿರಿಟೆಡ್ ಅವೇ’ (2001) ನೋಡಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ, ಬಳಿಕ ಆಸ್ಕರ್ ಎರಡನ್ನೂ ಪಡೆದ ಚಿತ್ರವದು ಎಂಬುದು ತಿಳಿದದ್ದು ಆಮೇಲೆ.

ಬೀದರ್, ಭಾಲ್ಕಿ, ಔರಾದ್ ಈ ಮೂರೂ ಊರುಗಳಲ್ಲಿ ಇಂದು ನನ್ನಂಥವರು ಸಾಕಷ್ಟಿದ್ದಾರೆ. ಔರಾದ್ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುವ ಗೆಳೆಯ ಹೇಳುವಂತೆ, ಅವನ ಹತ್ತನೆಯ ತರಗತಿಯ ಹುಡುಗರು ಕ್ರಿಕೆಟಿಗಿಂತ ‘ನರುಟೊ’ ಬಗ್ಗೆ ಹೆಚ್ಚು ಜಗಳವಾಡುತ್ತಾರೆ. ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಸರ್, ಮುಂದ ಏನು ನೋಡಬೇಕು?’ ಅವರಿಗಾಗಿ, ಮತ್ತು ‘ಕಾರ್ಟೂನು ಮಕ್ಕಳಾಟ’ ಎಂದು ಮೂಗು ಮುರಿಯುವ ಹಿರಿಯರಿಗಾಗಿ, ಒಂದು ಪಟ್ಟಿಯನ್ನು ಇಲ್ಲಿ ಕೊಡುತ್ತಿದ್ದೇನೆ. ಪಟ್ಟಿಯ ಕೊನೆಯಲ್ಲಿ ಒಂದು ಕೋರಿಕೆಯೂ ಇದೆ.

ಮನೆಮಂದಿಯೆಲ್ಲ ಕೂತು ನೋಡುವುದಾದರೆ ಮಿಯಾಜಾಕಿಯ ‘ಮೈ ನೇಬರ್ ಟೊಟೊರೊ’ದಿಂದ (1988) ಆರಂಭಿಸಿ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ತಂದೆಯೊಂದಿಗೆ ಹಳ್ಳಿಗೆ ಬಂದ ಅಕ್ಕತಂಗಿಯರಿಗೆ ಮರದ ಪೊಟರೆಯಲ್ಲಿ ವಾಸಿಸುವ ಭಾರೀ ಗಾತ್ರದ, ಸಾಧು ಸ್ವಭಾವದ ಪ್ರಾಣಿಯೊಂದರ ಪರಿಚಯವಾಗುತ್ತದೆ. ಕಥೆ ಅಷ್ಟೇ. ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಮಳೆಯ ಸಂಜೆಯಲ್ಲಿ ತಂದೆಯ ಬಸ್ಸಿಗಾಗಿ ಮಕ್ಕಳು ಕಾಯುವ ದೃಶ್ಯವನ್ನು, ಔರಾದ್ ಕಡೆಯ ಹಳ್ಳಿಗಳ ನಿಲ್ದಾಣದಲ್ಲಿ ಕೊನೆಯ ಬಸ್ಸಿಗಾಗಿ ಕಾದ ಯಾರೂ ಪರದೇಶದ್ದೆಂದು ತಿಳಿಯಲಾರರು. ಈ ಚಿತ್ರ ಜಪಾನಿನಲ್ಲಿ ತೆರೆಕಂಡದ್ದು ಇಸಾವೊ ತಕಹಾತಾರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜೊತೆಯಲ್ಲಿ, ಒಂದೇ ದಿನ. 1945ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ ಮತ್ತು ಪುಟ್ಟ ತಂಗಿ ಹಸಿವಿನಿಂದ ಕ್ಷೀಣಿಸುವ ಆ ಕಥೆಯನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಯುದ್ಧವನ್ನು ಸಂಭ್ರಮವೆಂದು ತಿಳಿದಿರುವ ದೊಡ್ಡವರಿಗೆ ಅವಶ್ಯ ತೋರಿಸಿ.

ಮೂರನೆಯದು ‘ನೌಸಿಕಾ’ (1984). ಮಹಾಯುದ್ಧವೊಂದು ಭೂಮಿಯನ್ನು ಹಾಳುಗೆಡವಿದ ಸಾವಿರ ವರ್ಷಗಳ ನಂತರದ ಕಥೆ. ವಿಷ ಉಗುಳುವ ಕಾಡು ಹಬ್ಬುತ್ತಿದೆ. ಅದನ್ನು ಸುಟ್ಟುಬಿಡಬೇಕೆಂದು ರಾಜ್ಯಗಳು ಹೊಡೆದಾಡುತ್ತಿವೆ. ರಾಜಕುಮಾರಿ ನೌಸಿಕಾ ಮಾತ್ರ ನೆಲದಾಳದಿಂದ ಎತ್ತಿದ ನೀರಿನಲ್ಲಿ ಅದೇ ಕಾಡಿನ ಗಿಡಗಳನ್ನು ಬೆಳೆಸಿ, ಶುದ್ಧ ನೀರು ಮಣ್ಣು ದೊರೆತರೆ ಅವು ವಿಷ ಕಾರುವುದಿಲ್ಲ ಎಂಬುದನ್ನು ಕಂಡುಕೊಳ್ಳುತ್ತಾಳೆ. ಬೀದರಿನವರಿಗೆ ಇದು ವಿಶೇಷವಾಗಿ ಅರ್ಥವಾಗಬೇಕು. ನಮ್ಮ ನೌಬಾದಿನ ನೆಲದಡಿಯಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಕಲ್ಲನ್ನು ಕೊರೆದು ಮಾಡಿದ ಸುರಂಗ ಕಾಲುವೆ, ಅಲ್ಲಲ್ಲಿ ಗಾಳಿ ಬೆಳಕಿಗೆ ಬಿಟ್ಟ ಬಾವಿಯಂಥ ಕಂಡಿಗಳು. ಅದರ ಮೇಲೆಯೇ ಮನೆ ಕಟ್ಟಿ, ಕೊಳವೆ ಬಾವಿ ಕೊರೆದು, ಕಂಡಿಗಳಿಗೆ ಕಸ ಸುರಿದು ನೀರಿಲ್ಲವೆಂದು ಗೋಳಾಡಿದ ನಾವು ನೌಸಿಕಾಳ ನೆಲಮಾಳಿಗೆಯ ತೋಟವನ್ನು ಒಮ್ಮೆಯಾದರೂ ನೋಡಬೇಡವೇ?

ಇನ್ನು ‘ದಿ ವಿಂಡ್ ರೈಸಸ್’ (2013). ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಬಳಸಿದ ಜೀರೊ ವಿಮಾನದ ವಿನ್ಯಾಸಕ ಜಿರೊ ಹೊರಿಕೊಶಿಯ ಬದುಕನ್ನು ಆಧರಿಸಿ ಸ್ವತಂತ್ರವಾಗಿ ಹೆಣೆದ ಕಥೆ. ಬೀದರಿನಲ್ಲಿ ಬೆಳೆದವರು ವಿಮಾನದ ಸದ್ದು ಕೇಳದೆ ಬೆಳೆದವರಲ್ಲ. ಇಲ್ಲಿಯ ವಾಯುನೆಲೆಯಲ್ಲಿ ತರಬೇತಿ ನಡೆಯುತ್ತದೆ. 1996ರಲ್ಲಿ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡ ರೂಪುಗೊಂಡದ್ದೂ ಇಲ್ಲಿಯೇ. ಮಾಳಿಗೆ ಏರಿ ಆ ವಿಮಾನಗಳನ್ನು ಎಣಿಸುತ್ತ ಬೆಳೆದ ನನಗೆ, ಸುಂದರವಾದುದನ್ನೇ ಸೃಷ್ಟಿಸಬೇಕೆಂದು ಹೊರಟ ಎಂಜಿನಿಯರನೊಬ್ಬ ತಾನು ಮಾಡಿದ ವಿಮಾನಗಳಲ್ಲಿ ಒಂದೂ ಮರಳಲಿಲ್ಲವೆಂದು ನೆನೆಯುವ ಗಳಿಗೆ ಎದೆಗೆ ನಾಟಿತು. ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ನೋಡಬೇಕಾದ ಚಿತ್ರವಿದು.

ವೈಜ್ಞಾನಿಕ ಕಥಾ ಧಾರಾವಾಹಿಗಳಲ್ಲಿ ನನ್ನ ಮೊದಲ ಮತ 26 ಕಂತುಗಳ ‘ಪ್ಲಾನೆಟೀಸ್’ಗೆ (2003–04). ಕಾಲ 2075. ನಾಯಕರು ಗಗನವೀರರಲ್ಲ, ಭೂಮಿಯ ಸುತ್ತ ತಿರುಗುವ ಹಳೆಯ ಉಪಗ್ರಹಗಳ ಚೂರುಗಳನ್ನು ಹೆಕ್ಕುವ ನೌಕರರು. ಅಂದರೆ ಬಾಹ್ಯಾಕಾಶದ ಪೌರಕಾರ್ಮಿಕರು. ಕಂಪನಿಯಲ್ಲಿ ಅವರ ವಿಭಾಗಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಒಂದು ಕಂತಿನಲ್ಲಿ ಬಡದೇಶದ ಎಂಜಿನಿಯರನೊಬ್ಬ ತನ್ನ ನಾಡಿನಲ್ಲೇ ತಯಾರಿಸಿದ ಗಗನ ಉಡುಪನ್ನು ಪರೀಕ್ಷೆಗೆ ಹೊತ್ತುತರುತ್ತಾನೆ. ಹಿಂದುಳಿದ ಜಿಲ್ಲೆಯವರೆಂದು ಕರೆಸಿಕೊಂಡು ಸಂದರ್ಶನಗಳಿಗೆ ಹೋಗಿಬಂದ ನಮ್ಮ ಹುಡುಗರಿಗೆ ಆ ಕಂತನ್ನು ವಿವರಿಸಬೇಕಾಗಿಲ್ಲ. 2019ರಲ್ಲಿ ನಮ್ಮ ದೇಶವೂ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದುರುಳಿಸುವ ಪ್ರಯೋಗ ನಡೆಸಿ ಚೂರುಗಳನ್ನು ಉಳಿಸಿದ್ದರಿಂದ ಇದು ದೂರದ ಕಥೆಯೂ ಅಲ್ಲ.

ಸಮಯವಿಲ್ಲದವರಿಗೆ ಸುಮಾರು 25 ನಿಮಿಷದ ‘ವಾಯ್ಸಸ್ ಆಫ್ ಎ ಡಿಸ್ಟೆಂಟ್ ಸ್ಟಾರ್’ (2002). ಮಕೊಟೊ ಶಿಂಕೈ ಮನೆಯ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಒಬ್ಬರೇ ತಯಾರಿಸಿದ ಚಿತ್ರ. ಹುಡುಗಿ ಬಾಹ್ಯಾಕಾಶ ನೌಕೆಯಲ್ಲಿ ದೂರ ಹೋದಂತೆಲ್ಲ ಅವಳು ಕಳಿಸುವ ಮೊಬೈಲ್ ಸಂದೇಶಗಳು ಹುಡುಗನನ್ನು ತಲುಪಲು ದಿನ, ತಿಂಗಳು, ಕೊನೆಗೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಫೋನಿಗಾಗಿ ಕಾಯುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಕಾಲೇಜು ವಯಸ್ಸಿನವರು ‘ಕೌಬಾಯ್ ಬಿಬಾಪ್’ (1998) ಮತ್ತು ‘ಸ್ಟೈನ್ಸ್ ಗೇಟ್’ (2011) ನೋಡಲಿ. ಮೊದಲನೆಯದರಲ್ಲಿ ಯೋಕೊ ಕನ್ನೊ ಅವರ ಸಂಗೀತವೇ ಒಂದು ಪಾತ್ರ. ಎರಡನೆಯದು ಮೈಕ್ರೊವೇವ್ ಒಲೆ ಮತ್ತು ಮೊಬೈಲನ್ನು ಜೋಡಿಸಿ ಭೂತಕಾಲಕ್ಕೆ ಸಂದೇಶ ಕಳಿಸುವವರ ಕಥೆ. ಮನುಷ್ಯ ಎಲ್ಲಿ ಮುಗಿದು ಯಂತ್ರ ಎಲ್ಲಿ ಆರಂಭವಾಗುತ್ತದೆ ಎಂದು ಕೇಳುವ ಮಮೊರು ಓಶಿಯವರ ‘ಘೋಸ್ಟ್ ಇನ್ ದಿ ಶೆಲ್’ (1995) ಪ್ರೌಢರಿಗೆ ಮಾತ್ರ. ಒಂದು ಎಚ್ಚರಿಕೆ: ಬಣ್ಣದ ಚಿತ್ರ ಕಂಡ ಕೂಡಲೇ ಮಕ್ಕಳ ಕೈಗೆ ಮೊಬೈಲು ಕೊಟ್ಟು ಎದ್ದುಹೋಗಬೇಡಿ. ಈ ಲೋಕದಲ್ಲಿ ಹಿಂಸೆಯೂ ಇದೆ, ಅಶ್ಲೀಲವೂ ಇದೆ.

ಇಲ್ಲಿಗೆ ಪಟ್ಟಿ ಮುಗಿಯಿತು. ಇಷ್ಟು ಚಿತ್ರಗಳನ್ನು ಹೆಸರಿಸಿದೆನಲ್ಲ, ಕನ್ನಡದಲ್ಲಿ ನೋಡಿ ಎಂದು ಒಂದನ್ನಾದರೂ ಹೇಳಲು ನನಗೆ ಸಾಧ್ಯವಾಯಿತೇ? ಯುಗೋ ಸಾಕೋ ರಾಮಾಯಣ 2025ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಮರಳಿ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಸರಣಿಯ ಚಿತ್ರ ಭಾರತದಲ್ಲಿ ಬಿಡುಗಡೆಯಾದದ್ದು ಜಪಾನಿ ಹಾಗೂ ಅವೇ ನಾಲ್ಕು ಭಾಷೆಗಳಲ್ಲಿ.

ಇದಕ್ಕೆ ಹಿನ್ನೆಲೆಯಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿದ್ದಾಗ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಕನ್ನಡದ ಕಲಾವಿದರು, ತಂತ್ರಜ್ಞರು ಉಳಿಯಬೇಕೆಂಬ ಅಂದಿನ ಕಳಕಳಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ದಶಕಗಳ ಕಾಲ ಉಳಿದ ಆ ಅಲಿಖಿತ ನಿಷೇಧ ಮಕ್ಕಳ ಕಾರ್ಯಕ್ರಮಗಳಿಗೂ ತಡೆಗೋಡೆಯಾಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಮೂಲಕ ಡಬ್ಬಿಂಗ್ ಚಿತ್ರ ಮತ್ತೆ ತೆರೆಗೆ ಬಂತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಎಂಬ ಅಮೆರಿಕದ ಅನಿಮೇಷನ್ ಚಿತ್ರ ಕನ್ನಡದಲ್ಲೂ ಮಾತನಾಡಿತು. ಅಂದಮೇಲೆ ಅಡ್ಡಿ ಕಾನೂನಿನದಲ್ಲ, ಭಾಷೆಯ ಸಾಮರ್ಥ್ಯದ್ದಂತೂ ಅಲ್ಲ. ಕೇಳುವವರಿಲ್ಲ ಎಂಬುದು ಮಾರುವವರ ಲೆಕ್ಕಾಚಾರ. ಕೇಳದೆ ಕೂತಿರುವುದು ನಮ್ಮ ತಪ್ಪು.

ಬಾಂಗ್ಲಾದೇಶದಲ್ಲಿ ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಆಡತೊಡಗಿದರೆಂಬ ಕಾರಣಕ್ಕೆ 2013ರಲ್ಲಿ ಹಿಂದಿ ಡೋರೆಮಾನ್ ಪ್ರಸಾರವನ್ನೇ ಸರ್ಕಾರ ತಡೆಯಿತು. ನನಗೆ ಆ ದಾರಿ ಒಪ್ಪಿಗೆಯಿಲ್ಲ. ಉರ್ದು, ಮರಾಠಿ, ತೆಲುಗು, ಹಿಂದಿಗಳ ನಡುವೆಯೇ ಕನ್ನಡ ಉಳಿದುಬಂದ ಜಿಲ್ಲೆ ನಮ್ಮದು. ಇನ್ನೊಂದು ಭಾಷೆ ಬಂದರೆ ಮಗು ಬಡವಾಗುವುದಿಲ್ಲ. ಆದರೆ ಆಶ್ಚರ್ಯಪಡುವುದನ್ನು, ಭವಿಷ್ಯವನ್ನು ಕಲ್ಪಿಸುವುದನ್ನು ಮಗು ಕೇವಲ ಪರಭಾಷೆಯಲ್ಲಿ ಕಲಿತರೆ ತಾಯ್ನುಡಿ ಊಟ, ಬೈಗುಳ, ಹೋಮ್‌ವರ್ಕಿಗೆ ಸೀಮಿತವಾಗುತ್ತದೆ. ‘ಸ್ಪಿರಿಟೆಡ್ ಅವೇ’ಯಲ್ಲಿ ಮಾಟಗಾತಿ ಬಾಲಕಿಯ ಹೆಸರನ್ನು ಕಸಿದು ಬೇರೆ ಹೆಸರಿಡುತ್ತಾಳೆ, ಮೊದಲಿನ ಹೆಸರು ಮರೆತರೆ ಅವಳು ಮನೆಗೆ ಮರಳಲಾರಳು.

ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಭಾಗದ ಮನೆಮಾತು. ಇಂದು ನಮ್ಮ ಊರಿನ ಫಲಕಗಳೆಲ್ಲ ಕನ್ನಡದಲ್ಲಿವೆ. ಆದರೆ ಭಾಲ್ಕಿಯ ಒಂದು ಮನೆಯ ಒಳಗೆ, ಏಳು ವರ್ಷದ ಹುಡುಗನಿಗೆ ಕನಸು ಬೀಳುವುದು ಯಾವ ಭಾಷೆಯಲ್ಲಿ?

ಹೀಗಾಗಿ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಚಿತ್ರ ಬಿಡುಗಡೆಯಾದಾಗ ಕನ್ನಡದ ಧ್ವನಿ ಬೇಕೆಂದು, ಕನಿಷ್ಠ ಕನ್ನಡದ ಅಡಿಬರಹವಾದರೂ ಬೇಕೆಂದು ವಿತರಕರನ್ನೂ ವಾಹಿನಿಗಳನ್ನೂ ಬರೆದು ಕೇಳಿ. ಅನುಮತಿ ಪಡೆದು ಶಾಲೆಗಳಲ್ಲಿ ತೋರಿಸಿ, ತೋರಿಸಿದ ಮೇಲೆ ಕನ್ನಡದಲ್ಲಿ ಮಾತನಾಡಿಸಿ. ಅದೂ ಆಗದಿದ್ದರೆ ಮಕ್ಕಳ ಪಕ್ಕ ಕುಳಿತು ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗಿ.

ದಸರಾ ರಜೆಯಲ್ಲಿ ನಾನು ಹಾಗೆಯೇ ಮಾಡಿದೆ. ಟೊಟೊರೊ ಇಂಗ್ಲಿಷಿನಲ್ಲಿ ಓಡುತ್ತಿತ್ತು. ಧ್ವನಿ ತಗ್ಗಿಸಿ ನಾನು ನಮ್ಮ ಬೀದರ ಕನ್ನಡದಲ್ಲಿ ಹೇಳುತ್ತಿದ್ದೆ. ಮಳೆಯಲ್ಲಿ ನಿಂತ ಅಕ್ಕನ ಪಕ್ಕಕ್ಕೆ ಆ ದೊಡ್ಡ ಪ್ರಾಣಿ ಬಂದು ನಿಂತಾಗ ಅಜ್ಜಿ, ‘ಅಯ್ಯ, ಪೋರಿಗಿ ಅಂಜಿಕಿ ಬರಲ್ಲೇನು!’ ಎಂದರು. ಸೋದರಳಿಯ ಅವರ ಕೈ ಹಿಡಿದು ಹೇಳಿದ: ‘ಅಂಜಬ್ಯಾಡ ಆಯಿ, ಅದು ಟೊಟೊರೊ. ಕಚ್ಚಂಗಿಲ್ಲ. ಅದಕ್ಕ ಬಿ ಬಸ್ಸೇ ಬೇಕಾಗ್ಯದ.’