ಭಂಗಾರದಲ್ಲಿ ಬಾನುಲಿಯ ಬಿಡಿಭಾಗಗಳು

ಕನ್ನಡದಲ್ಲಿ ಗುಜರಿ ಎನಿಸಿಕೊಳ್ಳುವ ವಸ್ತುವಿಗೆ ನಾಗಪುರದ ಮರಾಠಿ, ಹಿಂದಿಗಳೆರಡರಲ್ಲಿಯೂ ‘ಭಂಗಾರ’ವೆಂದು ಹೆಸರು. ಒಂದು ಮಹಾಪ್ರಾಣ ಕಳೆದರೆ ಗುಜರಿಯೇ ಚಿನ್ನವಾಗುವ ಈ ವಿನೋದ ಕನ್ನಡಿಗನ ಕಿವಿಗೆ ಮಾತ್ರ ಕೇಳಿಸುವಂಥದು. ಹಳೆಯ ವಾಲ್ವು ರೇಡಿಯೋವನ್ನು ಉಳಿಸಿಕೊಳ್ಳಬಯಸುವವನಿಗಾದರೋ ಎರಡಕ್ಕೂ ನಡುವಣ ಅಂತರ ನಿಜವಾಗಿಯೂ ಅಷ್ಟೇ ಸಣ್ಣದು.

ಧಾರವಾಡದ ಆಕಾಶವಾಣಿ ನಿಲಯ 1950ರ ಜನವರಿ 8ರಂದೂ ಬೆಂಗಳೂರಿನದು 1955ರ ನವೆಂಬರಿನಲ್ಲಿಯೂ ಆರಂಭವಾದುವು. ಮಧ್ಯಮ ತರಂಗಗಳು ಆಕಾಶಮಾರ್ಗವಾಗಿ ಹೊರಟರೆ ಹಗಲಿನಲ್ಲಿ ಅಯಾನುಮಂಡಲದ ಕೆಳಪದರ ಅವನ್ನು ಹೀರಿಕೊಳ್ಳುತ್ತದೆ. ಸೂರ್ಯಾಸ್ತದ ಬಳಿಕ ಆ ಪದರ ಕರಗಿ, ತರಂಗಗಳು ಮೇಲಣ ಪದರದಿಂದ ಪ್ರತಿಫಲಿಸಿ ನೂರಾರು ಮೈಲಿ ದೂರದಲ್ಲಿ ಭೂಮಿಗಿಳಿಯುತ್ತವೆ. ವಿದರ್ಭದಲ್ಲಿ ನೆಲೆಸಿದ ಕನ್ನಡಿಗನಿಗೆ ರಾತ್ರಿಯ ರೇಡಿಯೋ ತವರಿನ ದನಿಯನ್ನು ಅರಸುವ ಸಾಧನವಾಗಬಲ್ಲುದಾಗಿದ್ದುದು ಈ ಕಾರಣದಿಂದ. ಅಂಥ ಪೆಟ್ಟಿಗೆ ಮೂಕವಾಗಿ ಅಟ್ಟ ಸೇರಲು ಒಂದೇ ಒಂದು ಬಿಡಿಭಾಗ ಕೆಟ್ಟರೆ ಸಾಕು.

1817ರ ಕಾಳಗದಿಂದ ಇತಿಹಾಸಪ್ರಸಿದ್ಧವಾದ ಸೀತಾಬರ್ಡಿ ಗುಡ್ಡದ ಕೆಳಗಿನ ಪೇಟೆಯಲ್ಲಿ ಹೊಸ ರೆಸಿಸ್ಟರು, ಕಂಡೆನ್ಸರುಗಳು ಕೊಳ್ಳಸಿಗುತ್ತವೆ. ವಾಲ್ವಿನ ಮಾತು ಬೇರೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತ್ತು. ಆ ತಯಾರಿಕೆ ಎಂದೋ ನಿಂತಿದೆ. ವಾಲ್ವು, ಗ್ಯಾಂಗ್ ಕಂಡೆನ್ಸರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಇವುಗಳಿಗಾಗಿ ಭಂಗಾರದ ಅಂಗಡಿಯನ್ನೇ ಹೊಗಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ಈ ಹುಡುಕಾಟದ ಸ್ವರೂಪ ಅಪರಿಚಿತವಲ್ಲ.

ಅಲ್ಲಿ ಕಣ್ಣೇ ಮೊದಲ ಮಾಪಕ. ವಾಲ್ವಿನ ಗಾಜಿನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪವೊಂದಿರುತ್ತದೆ. ಒಳಗುಳಿದ ಅನಿಲವನ್ನು ಹೀರಿ ನಿರ್ವಾತವನ್ನು ಕಾಪಾಡುವುದು ಅದರ ಕೆಲಸ. ಆ ಹೊಳಪು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆಯೆಂದೇ ಅರ್ಥ. ಅಂಗಡಿಯವನು ಎಷ್ಟು ಅಗ್ಗವಾಗಿ ಕೊಟ್ಟರೂ ಅದು ಬೇಡ. ಹೊಳಪು ಸರಿಯಿದ್ದರೆ ತಂತುವಿನ ಎರಡು ಕಾಲುಗಳಿಗೆ ಮಲ್ಟಿಮೀಟರು ಹಚ್ಚಿ, ಅದು ಕಡಿದಿಲ್ಲವೆಂದು ನೋಡಿಕೊಳ್ಳಬೇಕು. ಗ್ಯಾಂಗ್ ಕಂಡೆನ್ಸರನ್ನು ಮೆಲ್ಲನೆ ತಿರುಗಿಸಿದಾಗ ಅದರ ತಗಡುಗಳು ಒಂದನ್ನೊಂದು ಮುಟ್ಟಕೂಡದು. ಟ್ರಾನ್ಸ್‌ಫಾರ್ಮರಿನ ಸುರುಳಿ ಅಖಂಡವಾಗಿರಬೇಕು. ಸುಟ್ಟ ವಾಸನೆಯಿದ್ದರೆ ಮಾಪಕದ ಮಾತನ್ನೂ ನಂಬಲಾಗದು.

ಹಳೆಯದೆಂಬ ಗೌರವವನ್ನು ಎಲ್ಲಕ್ಕೂ ಸಲ್ಲಿಸುವುದು ತರವಲ್ಲ. ಕಾಗದದ ಕಂಡೆನ್ಸರುಗಳು ತೇವವನ್ನು ಹೀರಿ ಸೋರುತ್ತವೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಕೂಡುವ ಕಂಡೆನ್ಸರು ಸೋರಿದರೆ ವಾಲ್ವು ಮಿತಿಮೀರಿ ವಿದ್ಯುತ್ತನ್ನು ಎಳೆದು, ತನ್ನೊಡನೆ ಟ್ರಾನ್ಸ್‌ಫಾರ್ಮರನ್ನೂ ಸುಡುವುದುಂಟು. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳ ಶತ್ರು ಸೆಕೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ತಗಡಿನ ಮಾಡಿನಡಿ ವರ್ಷಗಟ್ಟಲೆ ಬಿದ್ದವು ಒಣಗಿರದಿದ್ದರೇ ಆಶ್ಚರ್ಯ. ಈ ಎರಡು ಬಗೆಯವನ್ನು ಹೊಸದಾಗಿಯೇ ಕೊಳ್ಳುವುದು ಲೇಸು.

ಹುಡುಕುವವನಿಗಿರುವ ನಿಜವಾದ ಪ್ರತಿಸ್ಪರ್ಧಿ ತಕ್ಕಡಿ. ಭಂಗಾರದ ವ್ಯಾಪಾರಿಗೆ ಟ್ರಾನ್ಸ್‌ಫಾರ್ಮರೆಂದರೆ ತಾಮ್ರದ ತೂಕ, ಗ್ಯಾಂಗ್ ಕಂಡೆನ್ಸರೆಂದರೆ ಲೋಹದ ತುಂಡು. ಕಂಪ್ಯೂಟರಿನ ಹಲಗೆಗಳ ತುದಿಯಲ್ಲಿ ತೆಳುವಾದ ಚಿನ್ನದ ಲೇಪವಿರುವುದರಿಂದ ಅವನ್ನು ಆಮ್ಲದಲ್ಲಿ ಅದ್ದುವವರೂ ಉಂಟು: ಭಂಗಾರದಿಂದ ಬಂಗಾರ! ಅದರ ವಿಷ ಮಾತ್ರ ಕೆಲಸಗಾರನ ಶ್ವಾಸಕೋಶಕ್ಕೂ ನೆಲಕ್ಕೂ ಇಳಿಯುತ್ತದೆ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಇಂಥ ಸಂಸ್ಕರಣವನ್ನು ನೋಂದಾಯಿತ ಘಟಕಗಳಿಗೆ ಒಪ್ಪಿಸಿವೆ. ಇದು ಆಗಲೇಬೇಕಾಗಿದ್ದ ಕಾರ್ಯ. ಆದರೆ ಲೋಹವನ್ನು ಮರಳಿ ಪಡೆಯಲೆಂದು ಪುಡಿಮಾಡಿದ ಯಂತ್ರದಿಂದ ಬಿಡಿಭಾಗ ಮರಳಿ ದೊರೆಯದು. ಆದುದರಿಂದ ಹಳೆಯ ಚಾಸಿಗಳನ್ನು ಒಡೆಯುವ ಮುನ್ನ ತೆಗೆದಿರಿಸುವಂತೆ ವ್ಯಾಪಾರಿಗೆ ಮೊದಲೇ ಹೇಳಿಟ್ಟು, ತಾಮ್ರದ ಬೆಲೆಗಿಂತ ತುಸು ಹೆಚ್ಚು ಕೊಡಲು ಸಿದ್ಧನಿರುವವನಿಗೆ ಮಾತ್ರ ಬೇಕಾದುದು ಸಿಕ್ಕೀತು.